ಬೆಕ್ಕಿಗೆ ಹಗ್ಗ ಹಾಕಿ ಹೊರಗೆ ಸುತ್ತಾಡಿಸಿದವರು ಇದ್ದೀರಾ?

ರಾಯಚೂರಿನಿಂದ ಪ್ರಶ್ನೆ:
ನಮ್ಮ ಗಂಡು ಬೆಕ್ಕಿಗೆ ಒಂದೂವರೆ ವರ್ಷ. ದಿನವಿಡೀ ಕಿಟಕಿಯಲ್ಲಿ ಕೂತು ಹೊರಗೆ ನೋಡಿ ಕೂಗುತ್ತದೆ. ಬೀದಿನಾಯಿಗಳ ಭಯಕ್ಕೆ ಬಿಡಲು ಧೈರ್ಯವಿಲ್ಲ. ಹಗ್ಗ ಹಾಕೋಣ ಅಂದರೆ, ಮೈಗೆ ಏನು ಕಟ್ಟಿದರೂ ನೆಲಕ್ಕೆ ಬಿದ್ದು ಏಳುವುದೇ ಇಲ್ಲ. ಏನು ಮಾಡಲಿ?

ಬಳ್ಳಾರಿಯಿಂದ:
ಖಂಡಿತ ಕಲಿಯುತ್ತದೆ ಅಕ್ಕ. ಹಾಗೆ ಬಿದ್ದುಕೊಳ್ಳುವುದಕ್ಕೆ ಹೆದರಬೇಡಿ, ಮೈಗೆ ಏನಾದರೂ ಬಿಗಿದರೆ ಬಹಳ ಬೆಕ್ಕುಗಳು ಹಾಗೇ ಮಾಡುತ್ತವೆ.

ಕೊರಳಪಟ್ಟಿಗೆ ಮಾತ್ರ ಹಗ್ಗ ಹಾಕಬೇಡಿ. ನಾನು ಹಾಕಿದ್ದೆ. ಬೈಕಿನ ಸದ್ದಿಗೆ ಬೆದರಿ ಹಿಂದಕ್ಕೆ ಜಗ್ಗಿತು, ಪಟ್ಟಿಯಿಂದ ತಲೆ ಸರಕ್ಕನೆ ಹೊರಬಂತು, ಬೇವಿನ ಮರ ಹತ್ತಿ ಸಂಜೆವರೆಗೆ ಇಳಿಯಲಿಲ್ಲ. ಆವತ್ತು ನನಗೆ ಅನ್ನ ಸೇರಲಿಲ್ಲ. ಎದೆ, ಹೊಟ್ಟೆ ಸುತ್ತಿ ಬರುವ ಹಾರ್ನೆಸ್ ತನ್ನಿ, ಬೆಕ್ಕಿನದ್ದೇ ಆಗಬೇಕು. ಹಾಕಿದ ಮೇಲೆ ಒಳಗೆ ಎರಡು ಬೆರಳು ಹಿಡಿಯುವಷ್ಟು ಜಾಗವಿರಲಿ, ಅದಕ್ಕಿಂತ ಜಾಸ್ತಿ ಬೇಡ.

ಮೊದಲು ಮೂರು ದಿನ ಅದನ್ನು ಊಟದ ತಟ್ಟೆ ಪಕ್ಕ ಸುಮ್ನೆ ಇಡಿ. ಮೂಸಲಿ. ಆಮೇಲೆ ಹಾಕಿ, ಉಪ್ಪಿಲ್ಲದೆ ಬೇಯಿಸಿದ ಕೋಳಿಯ ಚೂರು ಮುಂದಿಡಿ, ಎರಡು ನಿಮಿಷಕ್ಕೆ ಬಿಚ್ಚಿಬಿಡಿ. ನಮ್ಮದು ನಾಲ್ಕನೇ ದಿನ ಎದ್ದು ನಿಂತಿತು. ಆರನೇ ದಿನ ಚೂರಿನ ಹಿಂದೆ ನಡೆಯಿತು. ಹಗ್ಗ ಸಿಕ್ಕಿಸಿದ್ದು ಅದಾದ ಮೇಲೆ, ಅದೂ ಮನೆಯೊಳಗೇ. ಹೊರಗೆ ಕಾಲಿಡುವ ಹೊತ್ತಿಗೆ ತಿಂಗಳಾಯಿತು.

ಹೊರಗೆ ಹೋಗುವಾಗ ಹೊಸ್ತಿಲು ದಾಟುವವರೆಗೆ ಎತ್ತಿಕೊಂಡೇ ಹೋಗಿ. ತಾನೇ ದಾಟಿ ರೂಢಿಯಾದರೆ ಬಾಗಿಲು ತೆರೆದಾಗಲೆಲ್ಲ ನುಗ್ಗುತ್ತದೆ. ಇನ್ನೊಂದು, ನಾಯಿಯ ಹಾಗೆ ನಿಮ್ಮ ಜೊತೆ ನಡೆಯುತ್ತದೆ ಅಂದುಕೊಳ್ಳಬೇಡಿ. ಅದು ಮುಂದೆ, ನೀವು ಹಿಂದೆ. ಒಂದೇ ತುಂಬೆ ಗಿಡದ ಮುಂದೆ ಹತ್ತು ನಿಮಿಷ ಕೂತರೆ ಕೂರಲಿ, ಎಳೆಯಬೇಡಿ. ಅದು ಕಿಟಕಿಯಲ್ಲಿ ಕೂತು ಕೇಳುತ್ತಿದ್ದದ್ದು ಅದನ್ನೇ ಅಲ್ವಾ?

ಕೊಪ್ಪಳದಿಂದ:
ಮೇಲಿನವರು ಹೇಳಿದ್ದು ಸರಿ. ಬಿಸಿಲಿನದ್ದೊಂದು ಸೇರಿಸುತ್ತೇನೆ. ನಮ್ಮ ಮೂರೂ ಜಿಲ್ಲೆಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮುಂಜಾನೆ ಬಿಟ್ಟು ಬೇರೆ ಹೊತ್ತಿನಲ್ಲಿ ಬೇಡ. ಸಂಜೆ ಹೊತ್ತು ಮುಳುಗಿದರೂ ಬಂಡೆ, ಡಾಂಬರು ಕಾದೇ ಇರುತ್ತವೆ. ನಿಮ್ಮ ಕೈ ಊರಿ ನೋಡಿ, ತಡೆಯಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟರೆ ತಕ್ಷಣ ಒಳಗೆ ಕರೆತನ್ನಿ.

ಹೆಗಲ ಮೇಲೆ ಒಂದು ದಪ್ಪ ಟವೆಲ್ ಇರಲಿ. ನಾಯಿ ಕಂಡಾಗ ಬರಿಗೈಯಲ್ಲಿ ಎತ್ತಿದರೆ ಗಾಬರಿಯಲ್ಲಿ ನಿಮ್ಮನ್ನೇ ಪರಚುತ್ತದೆ. ಐದೇ ನಿಮಿಷ ಅಂತ ಗಿಡಕ್ಕೆ ಕಟ್ಟಿ ಒಳಗೆ ಹೋಗಲೇಬೇಡಿ. ನಾಯಿ ಬಂದರೆ ಓಡಲೂ ಆಗದು, ಹತ್ತಲೂ ಆಗದು. ಹೊರಗೆ ತರುವ ಮೊದಲೇ ರೇಬಿಸ್ ಲಸಿಕೆ ಮುಗಿಸಿಕೊಳ್ಳಿ.

ಮತ್ತೆ ರಾಯಚೂರಿನಿಂದ:
ಇಬ್ಬರಿಗೂ ತುಂಬಾ ಧನ್ಯವಾದ. ಇವತ್ತು ಹಾರ್ನೆಸ್ ತಂದು ತಟ್ಟೆ ಪಕ್ಕ ಇಟ್ಟೆ. ಮೂಸಿ ನೋಡಿ, ಈಗ ಅದರ ಮೇಲೆಯೇ ಮಲಗಿದೆ.