ಅಪ್‌ಡೇಟ್: ಟ್ರೇಲರ್ ಅಂತೂ ಕಾರವಾರ ತಲುಪಿತು

ಶಿರಸಿಯಿಂದ 16 ಅಡಿಯ ಕ್ಯಾರವಾನ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟುವ ಚಕ್ರದ ಮನೆ) ಎಳೆದೊಯ್ಯುವಾಗ, ರಿವರ್ಸ್ ತೆಗೆಯುವ ಗೋಜಿಲ್ಲದೆ ಡೀಸೆಲ್ ಹಾಕಿಸುವುದು ಎಲ್ಲಿ ಎಂದು ಕೇಳಿದ್ದೆನಲ್ಲ, ನಿನ್ನೆ ತಲುಪಿದೆವು. ನಿಮ್ಮಲ್ಲಿ ಕೆಲವರು ಹೇಳಿದಂತೆ ದೇವಿಮನೆ ಘಟ್ಟ ಬಿಟ್ಟು ಯಲ್ಲಾಪುರ, ಅರಬೈಲ್ ಘಟ್ಟದ ದಾರಿ ಹಿಡಿದೆ. ಸುತ್ತು ನಿಜ. ಆದರೆ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಲಾರಿಗಳದ್ದೇ ರಾಜ್ಯ. ನಾನು ನಿಂತ ಬಂಕಿನ ಅಂಗಳವೂ ಅವುಗಳ ಅಳತೆಯದೇ. ಲಾರಿಯೊಂದರ ಹಿಂದೆ ಹೊರಸಾಲಿನಲ್ಲಿ ನಿಂತು, ನೇರವಾಗಿ ಹೊರಬಂದೆ.

ಎಡವಟ್ಟಾದದ್ದು ಅಂಕೋಲಾ ದಾಟಿದ ಮೇಲೆ. ಹೆದ್ದಾರಿ 66ರಲ್ಲಿ ಡಿವೈಡರ್ ಇರುವಲ್ಲಿ ಎಡಬದಿಯ ಬಂಕ್ ಮಾತ್ರ ನಮ್ಮ ಪಾಲಿಗೆ. ಗಾಳಿ ತುಂಬಿಸಲು ಒಂದರೊಳಗೆ ನುಗ್ಗಿದರೆ ಯಂತ್ರ ಮೂಲೆಯಲ್ಲಿ, ಎದುರಿಗೆ ಕಾಂಪೌಂಡ್! ಟ್ರೇಲರ್ ಕಳಚಿ, ಬಂಕಿನ ಹುಡುಗರ ಜೊತೆ ಕೈಯಲ್ಲೇ ತಳ್ಳಿದೆ. ‘ಮೊದಲು ಇಳಿದು ನಡೆದು ನೋಡಿ’ ಎಂದು ಹೆಂಡತಿ ಹೇಳಿದ್ದಳು.