ಅಣ್ಣ ಲ್ಯಾಪ್‌ಟಾಪ್ ಲಾಕ್ ಮಾಡಿದ್ದಾನೆ, ಒಳಗೆ ನನ್ನ 140 ಪುಟದ ಅನುವಾದ ಇದೆ

ಪುಟದಂಚು:
ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ ನನ್ನದೇ, ನನ್ನ ದುಡ್ಡಲ್ಲಿ ಕೊಂಡಿದ್ದು, ಬಿಲ್ ಕೂಡ ಇದೆ. ಆದರೆ ಮೊದಲ ದಿನ ಎಲ್ಲ ಸೆಟಪ್ ಮಾಡಿಕೊಟ್ಟಿದ್ದು ಅಣ್ಣ. ಹೋದ ವಾರ ಮನೆ ವಿಷಯಕ್ಕೆ ಇಬ್ಬರಿಗೂ ಮಾತು ಬೆಳೆಯಿತು. ಮರುದಿನ ಬೆಳಿಗ್ಗೆಯಿಂದ ನನ್ನ ಪಿನ್ ತಪ್ಪು ಅನ್ನುತ್ತಿದೆ. ಅಣ್ಣ ಫೋನ್ ಎತ್ತುತ್ತಿಲ್ಲ. ಪರಿಚಯದವರೊಬ್ಬರು ಫಾರ್ಮ್ಯಾಟ್ ಹೊಡೆದುಬಿಡೋಣ ಅಂದರು. ಒಳಗೆ ಎಂಟು ತಿಂಗಳ ಅನುವಾದದ ಕೆಲಸ ಇದೆ, ಬೇರೆಲ್ಲೂ ಪ್ರತಿ ಇಲ್ಲ. ಏನು ಮಾಡಲಿ?

ಹಳೇ ಕೀಬೋರ್ಡ್:
ಮೊದಲು ಫಾರ್ಮ್ಯಾಟ್ ಬೇಡ ಅಂತ ಅವರಿಗೆ ಹೇಳಿಬಿಡಿ. ಪಿನ್ ಒತ್ತುವುದನ್ನೂ ನಿಲ್ಲಿಸಿ. ಜಾಸ್ತಿ ಸಲ ತಪ್ಪಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ.

ಯಾವ ಬೀಗ ಅಂತ ಗೊತ್ತಾಗದೆ ಕೀಲಿ ಹುಡುಕುವುದು ವ್ಯರ್ಥ. ವಿಂಡೋಸ್ ಶುರುವಾಗುವ ಮುಂಚೆಯೇ ಪಾಸ್‌ವರ್ಡ್ ಕೇಳಿದರೆ ಅದು ಬಯೋಸ್ ಲಾಕ್, ಅಂದರೆ ಯಂತ್ರಕ್ಕೇ ಹಾಕಿದ ಬೀಗ. ಅದಕ್ಕೆ ಬಿಲ್ ಹಿಡಿದುಕೊಂಡು ತಯಾರಕರ ಸರ್ವಿಸ್ ಸೆಂಟರ್‌ಗೇ ಹೋಗಬೇಕು. ವಿಂಡೋಸ್ ಪರದೆ ಬಂದ ಮೇಲೆ ಕೇಳಿದರೆ, ಖಾತೆ ಲೋಕಲ್ (ಆ ಯಂತ್ರದಲ್ಲಿ ಮಾತ್ರ ಇರುವುದು) ಇದೆಯಾ, ಇಮೇಲ್ ಕೊಟ್ಟು ಮಾಡಿದ ಮೈಕ್ರೋಸಾಫ್ಟ್ ಖಾತೆಯಾ ಅಂತ ನೋಡಬೇಕು. ಲೋಕಲ್ ಆದರೆ ಪಾಸ್‌ವರ್ಡ್ ತಪ್ಪಾದಾಗ ಕೆಳಗೆ ರೀಸೆಟ್ ಲಿಂಕ್ ಬರಬಹುದು. ಸೆಟಪ್ ಮಾಡುವಾಗ ಕೊಟ್ಟ ಮೂರು ಭದ್ರತಾ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಿಂದ ಈ ಸೌಲಭ್ಯ ಇದೆ.

ವೈಫೈ ಹಾಕಿಕೊಂಡು, ಪಿನ್ ಮರೆತಿದ್ದೇನೆ ಅನ್ನುವ ಲಿಂಕ್ ಒತ್ತಿ. ಯಾವ ಇಮೇಲ್ ತೋರಿಸುತ್ತದೆ? ಎಡಗಡೆ ಕೆಳಮೂಲೆಯಲ್ಲಿ ಬೇರೆ ಹೆಸರು ಇದೆಯಾ?

ಪುಟದಂಚು:
ವಿಂಡೋಸ್ 11. ಬೇರೆ ಹೆಸರಿಲ್ಲ. ಇಮೇಲ್ ಅಣ್ಣನದು. ಕೋಡ್ ಕಳಿಸುತ್ತೇವೆ ಅನ್ನುವ ನಂಬರಿನ ಕೊನೆಯ ಎರಡು ಅಂಕಿಯೂ ಅಣ್ಣನ ಫೋನಿನವೇ. ಇಷ್ಟು ದಿನ ನಾನು ಅವನ ಖಾತೆಯಲ್ಲೇ ಕೆಲಸ ಮಾಡುತ್ತಿದ್ದೆ ಅಂತ ಇವತ್ತು ಗೊತ್ತಾಯಿತು. ಅವನು ಎಲ್ಲೋ ಕೂತು ಪಾಸ್‌ವರ್ಡ್ ಬದಲಿಸಿರಬಹುದಾ?

ಹಳೇ ಕೀಬೋರ್ಡ್:
ಇಲ್ಲ. ಪಿನ್ ಆ ಯಂತ್ರಕ್ಕೆ ಮಾತ್ರ ಸೇರಿದ್ದು. ದೂರದಿಂದ ಪಾಸ್‌ವರ್ಡ್ ಬದಲಿಸಿದರೂ ಹಳೇ ಪಿನ್ ನಡೆಯುತ್ತಿತ್ತು. ಅವರು ಲ್ಯಾಪ್‌ಟಾಪ್ ಮುಂದೆಯೇ ಕೂತು ಬದಲಿಸಿರಬೇಕು.

ಯಂತ್ರ ನಿಮ್ಮದು, ಖಾತೆ ಅವರದು. ಅವರ ಖಾತೆ ಒಡೆಯುವ ದಾರಿ ನಾನು ಹೇಳುವುದಿಲ್ಲ. ಅದರೊಳಗೆ ಅವರ ಮೇಲ್, ಫೋಟೋ ಎಲ್ಲ ಇರುತ್ತವೆ. ಪಾಸ್‌ವರ್ಡ್ ಅಳಿಸುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳ ತಂಟೆಗೂ ಹೋಗಬೇಡಿ. ನಿಮಗೆ ಬೇಕಿರುವುದು ಕಡತಗಳು, ಅಲ್ವಾ? ಇನ್ನೊಂದು ಕಂಪ್ಯೂಟರ್‌ನಲ್ಲಿ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ, ವಿಂಡೋಸ್ ಬದಲು ಅದರಿಂದ ನಿಮ್ಮ ಲ್ಯಾಪ್‌ಟಾಪ್ ಬೂಟ್ ಮಾಡಿ, ಅಂದರೆ ಶುರು ಮಾಡಿ. ಟ್ರೈ ಅಂತ ಇರುವುದನ್ನೇ ಆರಿಸಿ. ಇನ್‌ಸ್ಟಾಲ್ ಒತ್ತಿದರೆ ಡಿಸ್ಕ್ ಅಳಿಸಿಹೋಗಬಹುದು. ಲ್ಯಾಪ್‌ಟಾಪ್ ಶುರುವಾಗುವಾಗಿನ ಭದ್ರತಾ ಸೆಟ್ಟಿಂಗ್ ಆದ ಸೆಕ್ಯೂರ್ ಬೂಟ್ ಹಾಗೇ ಇರಲಿ, ಉಬುಂಟು ಅದರೊಟ್ಟಿಗೇ ನಡೆಯುತ್ತದೆ. ಸಿ ಡ್ರೈವ್ ತೆರೆದುಕೊಂಡರೆ ಕಡತಗಳನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಎಳೆದುಕೊಳ್ಳಿ.

ಪುಟದಂಚು:
ಉಬುಂಟು ಬಂತು. ಡ್ರೈವ್ ಒತ್ತಿದರೆ ಬಿಟ್‌ಲಾಕರ್, ಪಾಸ್‌ಫ್ರೇಸ್ ಅಂತ ಕೇಳುತ್ತಿದೆ. ಕೈಕಾಲು ಆಡುತ್ತಿಲ್ಲ.

ಹಳೇ ಕೀಬೋರ್ಡ್:
ಗಾಬರಿ ಬೇಡ. ಮೈಕ್ರೋಸಾಫ್ಟ್ ಖಾತೆ ಹಾಕಿ ಸೆಟಪ್ ಮಾಡಿದ ಬಹಳಷ್ಟು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುತ್ತದೆ. ಬಿಟ್‌ಲಾಕರ್ ಅಂದರೆ ವಿಂಡೋಸ್‌ನ ಆ ಬೀಗವೇ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಓದಲು ಬರುವುದಿಲ್ಲ. ಅದನ್ನು ತೆಗೆಯುವುದು 48 ಅಂಕಿಯ ರಿಕವರಿ ಕೀ. ಆರಾರು ಅಂಕಿಯ ಎಂಟು ಗುಂಪು ಇರುತ್ತದೆ. ನಿಮ್ಮ ವಿಷಯದಲ್ಲಿ ಅದು ಅಣ್ಣನ ಖಾತೆಯಲ್ಲಿ, ಡಿವೈಸ್‌ಗಳ ಪುಟದಲ್ಲಿ ಇರಬೇಕು. ಅವರನ್ನು ಕೇಳದೆ ವಿಧಿಯಿಲ್ಲ.

ದೀಪದ ಕುಡಿ:
ನಡುವೆ ಬಾಯಿ ಹಾಕುತ್ತಿದ್ದೇನೆ. ಪುಟದಂಚು, ನೀವು ಇಷ್ಟು ದಿನ ಅಣ್ಣನ ಹತ್ತಿರ ಪಾಸ್‌ವರ್ಡ್ ಕೇಳಿರುತ್ತೀರಿ. ಅದನ್ನು ಕೇಳಬೇಡಿ. ಪಾಸ್‌ವರ್ಡ್ ಕೊಟ್ಟರೆ ಅವರ ಇಡೀ ಖಾತೆ ನಿಮ್ಮ ಕೈಗೆ ಬರುತ್ತದೆ. ಜಗಳದ ಹೊತ್ತಲ್ಲಿ ಯಾರೂ ಕೊಡುವುದಿಲ್ಲ. ರಿಕವರಿ ಕೀ ಹಾಗಲ್ಲ, ಅದು ಆ ಒಂದು ಲ್ಯಾಪ್‌ಟಾಪ್‌ನ ಡಿಸ್ಕ್ ಮಾತ್ರ ತೆಗೆಯುತ್ತದೆ. ಆ ವ್ಯತ್ಯಾಸ ಅವರಿಗೆ ತಿಳಿಯುವ ಹಾಗೆ ನಾಲ್ಕು ಸಾಲು ಬರೆಯಿರಿ. ಹಳೇ ಮಾತು ಎತ್ತಬೇಡಿ. ಅವರು ಫೋನ್ ಎತ್ತದಿದ್ದರೆ ಮನೆಯಲ್ಲಿ ಇಬ್ಬರಿಗೂ ಬೇಕಾದವರು ಒಬ್ಬರು ಇದ್ದೇ ಇರುತ್ತಾರೆ, ಅವರ ಕೈಲಿ ಹೇಳಿಸಿ. ನನ್ನ ತಂಗಿಯ ಜೊತೆ ಹೀಗೇ ಆಗಿತ್ತು. ಆರು ವಾರ ಪಾಸ್‌ವರ್ಡ್‌ಗೇ ಹಟ ಹಿಡಿದು ಕೂತಿದ್ದೆ. ಕೀ ಒಂದೇ ಸಾಕು ಅಂದ ದಿನವೇ ಕಳಿಸಿದಳು.

ಪುಟದಂಚು:
ಅತ್ತಿಗೆಗೆ ಫೋನ್ ಮಾಡಿದೆ. ಅವನ ಪಾಸ್‌ವರ್ಡ್ ನನಗೆ ಬೇಡ ಅತ್ತಿಗೆ, ಆ 48 ಅಂಕಿ ಮಾತ್ರ ಸಾಕು ಅಂದೆ. ರಾತ್ರಿ ಹತ್ತಕ್ಕೆ ಪರದೆಯ ಫೋಟೋ ಕಳಿಸಿದರು. ಆದರೆ ಅದರಲ್ಲಿ ಎರಡು ಕೀ ಇವೆ!

ಹಳೇ ಕೀಬೋರ್ಡ್:
ಅಣ್ಣನ ಕಂಪ್ಯೂಟರ್‌ದೂ ಅಲ್ಲೇ ಇರುತ್ತದೆ. ಪಕ್ಕದಲ್ಲಿ ಲ್ಯಾಪ್‌ಟಾಪ್ ಹೆಸರು ನೋಡಿ ನಿಮ್ಮದನ್ನು ಆರಿಸಿ. ಉಬುಂಟು ಪಾಸ್‌ಫ್ರೇಸ್ ಕೇಳುವಲ್ಲಿ ಅದನ್ನು ಹಾಕಿ, ಅಂಕಿಗಳ ಜೊತೆ ಮಧ್ಯದ ಅಡ್ಡಗೆರೆಯನ್ನೂ ಟೈಪ್ ಮಾಡಿ.

ಪುಟದಂಚು:
ತೆರೆಯಿತು!! ಮೊದಲ ಸಲ 6 ಇದ್ದಲ್ಲಿ 8 ಹೊಡೆದಿದ್ದೆ, ಎರಡನೇ ಸಲಕ್ಕೆ ಬಂತು. 140 ಪುಟವೂ ಇದೆ. ಎರಡು ಪೆನ್‌ಡ್ರೈವ್‌ಗೆ ಹಾಕಿ, ನನಗೇ ಒಂದು ಮೇಲ್ ಕೂಡ ಕಳಿಸಿಕೊಂಡೆ. ನಿಮ್ಮಿಬ್ಬರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಈಗ ಲ್ಯಾಪ್‌ಟಾಪ್ ಏನು ಮಾಡಲಿ?

ಹಳೇ ಕೀಬೋರ್ಡ್:
ಓದಿ ತುಂಬಾ ಖುಷಿಯಾಯಿತು. ಪೆನ್‌ಡ್ರೈವ್‌ನಲ್ಲಿರುವ ಕಡತ ಇನ್ನೊಂದು ಕಂಪ್ಯೂಟರ್‌ನಲ್ಲಿ ಕೊನೆಯ ಪುಟದವರೆಗೂ ತೆರೆಯುತ್ತದಾ ಅಂತ ನೋಡಿಕೊಳ್ಳಿ. ಆಮೇಲೆ ವಿಂಡೋಸ್ ಪೂರ್ತಿ ಹೊಸದಾಗಿ ಹಾಕಿ. ಲೈಸೆನ್ಸ್ ಸಾಮಾನ್ಯವಾಗಿ ಆ ಲ್ಯಾಪ್‌ಟಾಪ್‌ನ ಹಾರ್ಡ್‌ವೇರ್‌ಗೇ ಸೇರಿರುತ್ತದೆ, ಮತ್ತೆ ಕೊಳ್ಳಬೇಕಿಲ್ಲ. ಈ ಸಲ ಸೆಟಪ್‌ನಲ್ಲಿ ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ನಂಬರ್ ಕೊಡಿ. ಹೊಸ ರಿಕವರಿ ಕೀ ನಿಮ್ಮ ಖಾತೆಗೆ ಬಂದಿದೆಯಾ ನೋಡಿ ಪ್ರಿಂಟ್ ತೆಗೆದಿಡಿ. ಹಳೆಯ ಕೀ ಆಮೇಲೆ ಕೆಲಸಕ್ಕೆ ಬರುವುದಿಲ್ಲ.

ಪುಟದಂಚು:
ನಿನ್ನೆ ಎಲ್ಲ ಮುಗಿಯಿತು. ಹೊಸ ಕೀ ಕಾಗದದಲ್ಲಿ ಬರೆದು ಬಿಲ್ ಜೊತೆ ಇಟ್ಟಿದ್ದೇನೆ. ಅಣ್ಣನ ಖಾತೆಯ ಪಟ್ಟಿಯಿಂದ ನನ್ನ ಲ್ಯಾಪ್‌ಟಾಪ್ ತೆಗೆಯಬಹುದು ಅಂತ ಅತ್ತಿಗೆಗೆ ಹೇಳಿದ್ದೆ. ಸಂಜೆ ಅಣ್ಣನೇ ಮೆಸೇಜ್ ಮಾಡಿದ: ತೆಗೆದೆ, ಅನುವಾದ ಸಿಕ್ತಾ?