ಅಪ್‌ಡೇಟ್: ಹಳೆಯ ಆಫ್‌ರೋಡ್ ಎಸ್‌ಯುವಿ ದಾನ

ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ), ಎತ್ತರಿಸಿದ ಸಸ್ಪೆನ್ಷನ್ ಇರುವ ಹಳೆಯ ಫೋರ್‌ವೀಲ್ ಡ್ರೈವ್ ಗಾಡಿಯನ್ನು ಸೇವಾಸಂಸ್ಥೆಗೆ ಹಾಗೆಯೇ ಕೊಡಬಹುದೇ ಎಂದು ಕೇಳಿದ್ದೆ. ಕೊಡಬಹುದು. ಆದರೆ ಗಾಡಿಯನ್ನು ಅವರು ಓಡಿಸುತ್ತಾರೋ ಮಾರುತ್ತಾರೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ.

ಅವರು ಓಡಿಸುವುದಾದರೆ, ಕೊಡುವ ಮೊದಲು ನೀವೇ ಸಡಿಲ ಮಣ್ಣಿನಲ್ಲಿ ಫೋರ್‌ಲೋ (ನಾಲ್ಕೂ ಚಕ್ರಗಳಿಗೆ ಹೆಚ್ಚು ಎಳೆತ ಕೊಡುವ ನಿಧಾನದ ಗೇರ್) ಹಾಕಿ ನಿಧಾನವಾಗಿ ಓಡಿಸಿ ನೋಡಿ; ಬಹುಕಾಲ ಬಳಸದಿದ್ದರೆ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಲಿಂಕೇಜ್, ಅಂದರೆ ಜೋಡಣೆ ಸರಳುಗಳು, ಬಿಗಿದುಕೊಂಡಿರಬಹುದು. ಗಟ್ಟಿ ರಸ್ತೆಯಲ್ಲಿ ಈ ಪರೀಕ್ಷೆ ಖಂಡಿತ ಬೇಡ, ತಿರುವಿನಲ್ಲಿ ಡ್ರೈವ್‌ಲೈನ್ (ಚಕ್ರಗಳಿಗೆ ಶಕ್ತಿ ಸಾಗಿಸುವ ಭಾಗಗಳು) ಮೇಲೆ ಒತ್ತಡ ಬೀಳುತ್ತದೆ. ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಆಗ ಆಯಿಲ್ ಬದಲಿಸಿದರಷ್ಟೇ ಸಾಲದು, ಸೀಲ್ ಮತ್ತು ಬ್ರೀದರ್ ಪೈಪನ್ನೂ (ಒಳಗಿನ ಗಾಳಿ ಆಡಲು ಇರುವ ಕೊಳವೆ) ನೋಡಲೇಬೇಕು. ಚಾಸಿಸ್ ತುಕ್ಕಿನ ಮೇಲೆ ಬಣ್ಣ ಬಳಿದು ಕೊಡಬೇಡಿ, ಅದರಲ್ಲಿ ಜನ ಕೂರುತ್ತಾರೆ.

ಗಾಡಿಯ ಮೇಲೆ ಸಾಲವಿದ್ದರೆ ತೀರುವಳಿ ಪತ್ರ ಬೇಕು. ನೋಂದಣಿ ಸಂಸ್ಥೆಯ ಹೆಸರಿಗೆ ವರ್ಗವಾಗುವವರೆಗೂ ವಿಮೆ ನಿಲ್ಲಿಸಬೇಡಿ.